ಸುಣ್ಣಕಲ್ಲಿನ ವಯಸ್ಸಿಗೆ ಸ್ಟ್ರಾನ್ಷಿಯಂ ನೋಡಿ

ಕೋಟ್ಯಂತರ ವರ್ಷ ಹಳೆಯ ಸುಣ್ಣಕಲ್ಲಿನ ವಯಸ್ಸನ್ನು ಕಾರ್ಬನ್-14ರಿಂದ ತಿಳಿಯಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದು ಕ್ಷಯಿಸಿ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 5,730 ವರ್ಷ. 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದೇ ಇಲ್ಲ.

ಸಮುದ್ರದಲ್ಲಿ ಆದ ಕಲ್ಲಾದರೆ ಸ್ಟ್ರಾನ್ಷಿಯಂ ಎಂಬ ಲೋಹಧಾತುವನ್ನು ನೋಡಿ. ಸಮುದ್ರಜೀವಿಗಳ ಚಿಪ್ಪು ಬೆಳೆಯುವಾಗ ನೀರಿನ ಸ್ಟ್ರಾನ್ಷಿಯಂ ಅದರೊಳಗೆ ಸ್ವಲ್ಪ ಸೇರಿಕೊಳ್ಳುತ್ತದೆ. ಸ್ಟ್ರಾನ್ಷಿಯಂನ 87 ಮತ್ತು 86 ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಬೇರೆ ಇರುವ ಪರಮಾಣುಗಳ) ಅನುಪಾತ ಯಾವುದೇ ಒಂದು ಕಾಲದಲ್ಲಿ ಇಡೀ ಸಾಗರಕ್ಕೆ ಹೆಚ್ಚುಕಡಿಮೆ ಒಂದೇ. ಇವತ್ತು ಸುಮಾರು 0.7092; ಜುರಾಸಿಕ್ ಕಾಲದಲ್ಲಿ 0.7068ರ ಹತ್ತಿರಕ್ಕೆ ಇಳಿದಿತ್ತು. ಈ ಏರಿಳಿತದ ರೇಖೆ ಸಿದ್ಧವಿದೆ, ಅದರ ಜೊತೆ ಹೋಲಿಸಬೇಕು ಅಷ್ಟೆ. ಆದರೆ ಒಂದೇ ಅನುಪಾತ ಬೇರೆ ಬೇರೆ ಕಾಲದಲ್ಲಿ ಬರುತ್ತದಲ್ವಾ? ಹಾಗಾಗಿ ಪಳೆಯುಳಿಕೆಯಿಂದ ಒಂದು ಅಂದಾಜು ಮೊದಲೇ ಬೇಕು.

ನನ್ನ ಪ್ರಕಾರ ಮಾದರಿ ಆರಿಸುವುದೇ ಎಲ್ಲಕ್ಕಿಂತ ಮುಖ್ಯ. ಇಡೀ ಕಲ್ಲನ್ನು ಸುಮ್ನೆ ಪುಡಿ ಮಾಡಬೇಡಿ. ಆಮೇಲೆ ಒಳಗೆ ಇಳಿದ ನೀರು ಅನುಪಾತವನ್ನು ಕೆಡಿಸಿರಬಹುದು. ಪದರಗಳು ಚೆನ್ನಾಗಿ ಉಳಿದಿರುವ ಬ್ರಾಕಿಯೊಪಾಡ್ (ಎರಡು ಚಿಪ್ಪಿನ ಒಂದು ಸಮುದ್ರಜೀವಿ) ಚಿಪ್ಪಿನಿಂದ ಕೊರೆದು ತೆಗೆಯಿರಿ. ಅದರಲ್ಲಿ ಮ್ಯಾಂಗನೀಸ್ ಜಾಸ್ತಿ, ಸ್ಟ್ರಾನ್ಷಿಯಂ ಕಡಿಮೆ ಇದ್ದರೆ ಬಿಟ್ಟುಬಿಡಿ, ಅದು ನೀರು ಕೆಡಿಸಿದ ಗುರುತು.

ಯುರೇನಿಯಂ ಕ್ಷಯಿಸಿ ಎಷ್ಟು ಸೀಸವಾಗಿದೆ ಎಂದು ಅಳೆಯುವ ಯುರೇನಿಯಂ-ಸೀಸ ವಿಧಾನವೂ ಇದೆ. ಅದು ಹೇಳುವುದು ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಹರಳುಗಟ್ಟಿದ ಕಾಲವನ್ನು. ಬಿರುಕಿನ ಬಿಳಿ ಗೆರೆಯಿಂದ ಮಾದರಿ ತೆಗೆದರೆ ಬಿರುಕು ತುಂಬಿದ ಕಾಲ ಸಿಗುತ್ತದೆ, ಕಲ್ಲಿನದ್ದಲ್ಲ.