ಮನಸ್ಸಿನ ನೆಮ್ಮದಿಗೂ ಶಕ್ತಿಯ ಸಮತೋಲನಕ್ಕೂ ಯಾವ ಹೊಳಪುಗಲ್ಲು ಒಳ್ಳೆಯದು?

ಅಮೆಥಿಸ್ಟ್, ರೋಸ್ ಕ್ವಾರ್ಟ್ಸ್, ಕಪ್ಪು ಟೂರ್ಮಲೈನ್ ಎಂಬ ಹರಳುಗಲ್ಲುಗಳಲ್ಲಿ ಆತಂಕಕ್ಕೆ ಯಾವುದು ಸೂಕ್ತ, ಅದನ್ನು ಶುದ್ಧಿ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನೂ ಬಹಳ ಕಾಲ ಅಲೆದಿದ್ದೇನೆ. ನಿದ್ದೆ ಕೆಟ್ಟಿತ್ತು, ಸಣ್ಣ ಮಾತಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಯಾರೋ ಹೇಳಿದರೆಂದು ನಯಗೊಳಿಸಿದ ಅಮೆಥಿಸ್ಟ್ ಒಂದನ್ನು ತಂದು ರಾತ್ರಿ ದಿಂಬಿನ ಪಕ್ಕದಲ್ಲಿಯೂ, ಹಗಲು ಅದು ಶಕ್ತಿ ತುಂಬಿಕೊಳ್ಳಲೆಂದು ಬಿಸಿಲು ಬೀಳುವ ಕಿಟಕಿಯಲ್ಲಿಯೂ ಇಡುತ್ತಿದ್ದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದರ ನೇರಳೆ ಬಣ್ಣ ಮಾಸಿಹೋಯಿತು.

ನಾನು ಎಡವಿದ್ದು ಇಲ್ಲಿ. ಬಿಸಿಲಿಗೆ ಇಟ್ಟದ್ದರಿಂದ ಹಾಳಾದದ್ದು ಒಂದು ಕಲ್ಲು ಮಾತ್ರ. ಬಣ್ಣ ಹೋದದ್ದಕ್ಕೆ ನಾನು ಕಟ್ಟಿಕೊಂಡ ಅರ್ಥದಿಂದ ಆದ ನಷ್ಟ ಅದಕ್ಕಿಂತ ದೊಡ್ಡದು. ನನ್ನೊಳಗಿನ ದುಗುಡವನ್ನೆಲ್ಲ ಹೀರಿಕೊಂಡು ಕಲ್ಲು ಬಡವಾಯಿತೆಂದು ನಾನು ನಂಬಿದೆ. ವಾಸ್ತವವಾಗಿ ಅಮೆಥಿಸ್ಟ್ ಬೆಣಚುಕಲ್ಲು ಎನ್ನುವ ಕ್ವಾರ್ಟ್ಸ್‌ನ ಒಂದು ಬಗೆ, ಅಂದರೆ ಸಿಲಿಕಾನ್ ಡೈಆಕ್ಸೈಡ್. ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿರುವ ಕಬ್ಬಿಣದ ಮೇಲೆ ಭೂಗರ್ಭದ ಸಹಜ ವಿಕಿರಣ ಬಿದ್ದು ನೇರಳೆ ಬಣ್ಣ ಮೂಡುತ್ತದೆ, ಬಹುಕಾಲ ಬಿಸಿಲಿಗೆ ಒಡ್ಡಿದರೆ ಆ ಬಣ್ಣ ಅಳಿಯುತ್ತದೆ. ಚೆನ್ನಾಗಿ ಕಾಯಿಸಿದರೆ ಅನೇಕ ಅಮೆಥಿಸ್ಟ್‌ಗಳು ಹಳದಿಯಾಗುತ್ತವೆ; ಸಿಟ್ರಿನ್ ಎಂದು ಮಾರಾಟವಾಗುವ ಕಲ್ಲುಗಳಲ್ಲಿ ಹೆಚ್ಚಿನವು ಹೀಗೆ ಕಾಯಿಸಿದ ಅಮೆಥಿಸ್ಟ್‌ಗಳೇ. (ನೇರಳೆಯಾಗಿದ್ದಾಗ ಶಾಂತಿ ಕೊಡುತ್ತಿದ್ದ ಕಲ್ಲು ಒಲೆ ಹೊಕ್ಕು ಬಂದ ಮೇಲೆ ಹುಮ್ಮಸ್ಸು ಕೊಡುತ್ತದೆ ಎನ್ನುವವರನ್ನು ನಾನು ಆಗ ಪ್ರಶ್ನಿಸಲಿಲ್ಲ.) ಬಣ್ಣ ಉಳಿದಿದ್ದರೆ ಕಲ್ಲು ಬಲವಾಗಿದೆ ಎನ್ನುತ್ತಿದ್ದೆ, ಹೋದುದರಿಂದ ಅದು ನನಗಾಗಿ ದುಡಿದಿದೆ ಎಂದುಕೊಂಡೆ. ಏನೇ ನಡೆದರೂ ಕಲ್ಲಿನ ಪರವಾಗಿಯೇ ತೀರ್ಪು ಬರುವಂತೆ ಲೆಕ್ಕ ಹಾಕಿಕೊಂಡಿದ್ದರಿಂದ, ಒಂದೊಂದು ಬಾಧೆಗೆ ಒಂದೊಂದು ಕಲ್ಲು ಕೊಳ್ಳುತ್ತಾ ಹೋದೆ, ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುತ್ತಾ ಬಂದೆ. ಕೊನೆಗೆ ನಿದ್ದೆ ಸರಿಹೋದದ್ದು ಚಿಕಿತ್ಸೆಯಿಂದ.

ಆದ್ದರಿಂದ ಯಾವ ಕಲ್ಲು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ವಾರ್ಟ್ಸ್‌ಗೆ ತನ್ನದೇ ಕಂಪನವಿದೆ, ಗಡಿಯಾರ ನಡೆಯುವುದೇ ಅದರಿಂದ ಎಂದು ನಿಮಗೂ ಯಾರಾದರೂ ಹೇಳುತ್ತಾರೆ. ಒತ್ತಿದರೆ ಈ ಹರಳಿನಲ್ಲಿ ವಿದ್ಯುದಾವೇಶ ಮೂಡುತ್ತದೆ ಎಂಬುದು ನಿಜ, 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಅದನ್ನು ತೋರಿಸಿಕೊಟ್ಟರು. ಆದರೆ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದು ಬ್ಯಾಟರಿಯ ಬಲದಿಂದ. ಮೇಜಿನ ಮೇಲೆ ಸುಮ್ಮನೆ ಕುಳಿತ ಕಲ್ಲು ಯಾರ ಶಕ್ತಿಯನ್ನೂ ಸರಿದೂಗಿಸುವುದಿಲ್ಲ. ಮನೋವಿಜ್ಞಾನಿ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು 2001ರಲ್ಲಿ ಮಂಡಿಸಿದ ಪ್ರಯೋಗದಲ್ಲಿ ಕೆಲವರ ಕೈಗೆ ನಿಜವಾದ ಹರಳನ್ನೂ ಉಳಿದವರ ಕೈಗೆ ನಕಲಿಯನ್ನೂ ಕೊಟ್ಟಿದ್ದರು. ಬೆಚ್ಚಗಾಯಿತು, ಜುಮ್ಮೆಂದಿತು ಎಂಬ ಅನುಭವಗಳನ್ನು ಎರಡೂ ಗುಂಪಿನವರು ಹೇಳಿಕೊಂಡರು.

ಅಂಗೈಯಲ್ಲಿ ತಣ್ಣಗೆ, ನುಣ್ಣಗೆ ಕೂರುವ ಕಲ್ಲನ್ನು ಹಿಡಿದು ನಿಧಾನವಾಗಿ ಉಸಿರಾಡುವುದು ಹಿತವೆನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ, ಈಗಲೂ ಹಾಗೆ ಮಾಡುತ್ತೇನೆ. ಅದಕ್ಕೆ ಒಂದು ಕಲ್ಲು ಸಾಕು, ಹೆಸರು ಕೇಳದೆ ಕೈಗೆ ಒಪ್ಪುವುದನ್ನು ಆರಿಸಿಕೊಳ್ಳಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದಿದ್ದರೆ ಕಲ್ಲು ಕೊಳ್ಳುವ ಮೊದಲು ವೈದ್ಯರನ್ನು ಕಾಣಿರಿ. ಇನ್ನು ಶುದ್ಧಿಯ ಮಾತು: ಕ್ವಾರ್ಟ್ಸ್ ಜಾತಿಯ ಕಲ್ಲನ್ನು ಸಾಬೂನು ನೀರಿನಲ್ಲಿ ತೊಳೆದು ಒರೆಸಿದರೆ ಆಯಿತು. ಸೆಲೆನೈಟ್ ಎಂಬ ಕಲ್ಲು ಮೆತ್ತನೆಯ ಖನಿಜವಾದ ಜಿಪ್ಸಮ್‌ನ ಒಂದು ರೂಪವಾದುದರಿಂದ ನೀರಿನಲ್ಲಿ ನೆನೆಸಿದರೆ ಹಾಳಾಗುತ್ತದೆ. ಹಸಿರು ಕಲ್ಲಾದ ಮ್ಯಾಲಕೈಟ್‌ನಲ್ಲಿ ತಾಮ್ರವಿದೆ, ಅದನ್ನು ನೆನೆಹಾಕಿದ ನೀರನ್ನು ಯಾರು ಹೇಳಿದರೂ ಕುಡಿಯಬೇಡಿ.