ಮೊದಲು ಕಥೆ ಬರಲಿ, ಗ್ರಾಮರ್ ಆಮೇಲೆ ನೋಡೋಣ

ಓದುಗರ ಪತ್ರ: "ನಾನು ನಿವೃತ್ತ ಗಣಿತದ ಮೇಷ್ಟ್ರು. ಮೊಮ್ಮಗಳು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿ. ವರ್ಬ್ ಅಂದರೇನು ಅಂತ ಇಂಗ್ಲಿಷ್ ಪಾಠದಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾಳೆ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾದರೂ ಏಳನೇ ಕ್ಲಾಸು ಮುಗಿಯುವಷ್ಟರಲ್ಲಿ ಹನ್ನೆರಡೂ ಟೆನ್ಸ್ ಬಾಯಿಪಾಠ ಆಗಿರುತ್ತಿತ್ತು. ಈಗ ಪುಸ್ತಕದ ತುಂಬ ಚಿತ್ರ, ಹಾಡು, ಸಂಭಾಷಣೆ. ಗ್ರಾಮರ್ ಇಲ್ಲದೆ ಭಾಷೆ ಹೇಗೆ ಬರುತ್ತೆ? ಇದರ ಬಗ್ಗೆ ನೀವು ಬರೆಯಬೇಕು. ಹಾಗೇ ಅವಳಿಗೆ ಯಾವ ಗ್ರಾಮರ್ ಪುಸ್ತಕ ಕೊಡಿಸಲಿ ಅಂತಲೂ ತಿಳಿಸಿ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಒಂದೂ ಚಿತ್ತಿಲ್ಲ. ಇಂಥ ಪತ್ರ ಬರುವುದೇ ಅಪರೂಪ. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಮೊಮ್ಮಗಳ ಪಕ್ಷ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮಾತಿನಲ್ಲಿ ನಿಜ ಇಲ್ಲ ಅನ್ನುತ್ತಿಲ್ಲ. ಹಳೇ ಮೇಷ್ಟ್ರುಗಳು ದಿನಾ ಉಕ್ತಲೇಖನ ಕೊಟ್ಟು, ಕೆಂಪು ಶಾಯಿಯಲ್ಲಿ ತಿದ್ದಿ, ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತಿದ್ದರು. ಆ ಶ್ರದ್ಧೆ ಈಗ ಕಡಿಮೆಯಾಗಿದೆ, ಒಪ್ಪಿದೆ. ಆದರೆ ಆ ಹನ್ನೆರಡು ಟೆನ್ಸ್ ಬಾಯಿಪಾಠ ಮಾಡಿದ ನಿಮ್ಮ ತರಗತಿಯಲ್ಲಿ ಎಷ್ಟು ಜನ ಆಮೇಲೆ ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿಯನ್ನು ಸ್ವಂತವಾಗಿ ಬರೆದರು, ಹೇಳಿ? ನಮ್ಮ ಶಾಲೆಯಲ್ಲಂತೂ ಎಲ್ಲರದೂ ಒಂದೇ ಅರ್ಜಿ. 'ಐ ಆಮ್ ಸಫರಿಂಗ್ ಫ್ರಮ್ ಫೀವರ್.' ಅಕ್ಕನ ಮದುವೆಗೆ ರಜೆ ಬೇಕಾದರೂ ಜ್ವರವೇ ಬರಬೇಕಿತ್ತು. ಮದುವೆಯ ಇಂಗ್ಲಿಷ್ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ!

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಒಬ್ಬ ಪದವೀಧರ ಹುಡುಗ ಕೆಲಸ ಕೇಳಿಕೊಂಡು ಬಂದಿದ್ದ. 'ರಾಮ ಕಿಲ್ಡ್ ರಾವಣ' ಎಂದರೆ ಸಾಕು, ಕಣ್ಣು ಮುಚ್ಚಿಕೊಂಡು ಪ್ಯಾಸಿವ್ ವಾಯ್ಸ್‌ಗೆ ತಿರುಗಿಸುತ್ತಿದ್ದ. ಜಾಹೀರಾತು ಕೊಟ್ಟವರಿಗೆ 'ಬಿಲ್ ತಲುಪಿತೇ' ಎಂದು ಎರಡು ಸಾಲಿನ ಇಮೇಲ್ ಬರೆಯಪ್ಪಾ ಅಂದರೆ ಫ್ಯಾನಿನ ಕೆಳಗೂ ಬೆವರಿದ. ಜಾಣ ಹುಡುಗನೇ. ಅವನಿಗೆ ಇಂಗ್ಲಿಷಿನ ಬಗ್ಗೆ ಕಲಿಸಿದ್ದರು, ಇಂಗ್ಲಿಷ್ ಕಲಿಸಿರಲಿಲ್ಲ.

ಕನ್ನಡದ ವಿಷಯಕ್ಕೇ ಬನ್ನಿ. ಸಂಧಿ, ಸಮಾಸ ಎಂಬ ಹೆಸರುಗಳು ನಮ್ಮ ಕಿವಿಗೆ ಬಿದ್ದದ್ದು ಯಾವಾಗ? ಹತ್ತು ಹನ್ನೊಂದು ವರ್ಷ ಕನ್ನಡದಲ್ಲಿ ಜಗಳ ಆಡಿ, ಅತ್ತು, ಕಥೆ ಕೇಳಿ ಆದಮೇಲೆ. ನಾಡಿನ ಚರಿತ್ರೆಯೂ ಹಾಗೇ ಇದೆ. ಪಂಪ ಬರೆದದ್ದು 10ನೇ ಶತಮಾನದಲ್ಲಿ, ಕೇಶಿರಾಜ ವ್ಯಾಕರಣ ಬರೆದದ್ದು 13ನೇ ಶತಮಾನದಲ್ಲಿ. ಅದೂ ಹಿಂದಿನ ಕವಿಗಳ ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು. ನಮ್ಮ ಆರನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಪಂಪನನ್ನು ಬಿಟ್ಟು ನೇರ ಕೇಶಿರಾಜನ ಹತ್ತಿರ ಕಳಿಸುತ್ತೇವೆ.

ಮಗು ಮಾಡುವ ತಪ್ಪನ್ನು ಸ್ವಲ್ಪ ಬಿಡಿಸಿ ನೋಡಿ. 'ಷಿ ಕಮ್ ಟುಮಾರೋ' ಅಂತ ಬರೆಯುತ್ತಾಳೆ ಅನ್ನಿ. ಅದು ಸೋಮಾರಿತನ ಅಲ್ಲ. ಕನ್ನಡದಲ್ಲಿ 'ಅವಳು ದಿನಾ ಬರುತ್ತಾಳೆ', 'ಅವಳು ನಾಳೆ ಬರುತ್ತಾಳೆ', ಎರಡಕ್ಕೂ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಸಾಲದು, ಒಂದಕ್ಕೆ 'ಕಮ್ಸ್', ಇನ್ನೊಂದಕ್ಕೆ 'ವಿಲ್ ಕಮ್'. ಇನ್ನು ಆ 'ಕಮ್ಸ್'ನ ಕೊನೆಯ ಎಸ್. ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ಇಷ್ಟೊಂದು ರೂಪಗಳನ್ನು ಒಂದೂ ತಪ್ಪಿಲ್ಲದೆ ಆಡುವ ಮಗು ಈ ಒಂದು ಎಸ್‌ನ ಹತ್ತಿರ ಎಡವುತ್ತದೆ. ಹಾರ್ವರ್ಡಿನ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನೇ ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ಮಾಡಿದರು. ಆ ಮಕ್ಕಳ ಬಾಯಲ್ಲೂ 'ಕಮಿಂಗ್'ನ ಕೊನೆಯ 'ಇಂಗ್' ಬೇಗ ಬಂತು, ಈ ಎಸ್ ತೀರಾ ತಡವಾಗಿ ಬಂತು. ಅವರಮ್ಮಂದಿರು ಇಂಗ್ಲಿಷಿನಲ್ಲೇ ಜೋಗುಳ ಹಾಡಿದ್ದರೂ! ನಾವು ಸೋಮವಾರ ನಿಯಮ ಹೇಳಿ ಶನಿವಾರ ಟೆಸ್ಟ್ ಇಟ್ಟು ತಪ್ಪಾದರೆ ಬೈಯುತ್ತೇವೆ.

ನೀವು ಗಣಿತದವರು, ಈಗ ಹೇಳುವುದು ನಿಮಗೆ ಖಂಡಿತ ಇಷ್ಟವಾಗುತ್ತೆ. 1979ರಲ್ಲಿ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ನಮ್ಮ ಬೆಂಗಳೂರಿನಲ್ಲೇ ಒಂದು ಪ್ರಯೋಗ ಶುರುಮಾಡಿದರು. ಮದ್ರಾಸು, ಕಡಲೂರಿನ ಶಾಲೆಗಳಿಗೂ ಹಬ್ಬಿ 1984ರವರೆಗೆ ನಡೆಯಿತು. ಜಗತ್ತಿನಾದ್ಯಂತ ಇಂಗ್ಲಿಷ್ ಕಲಿಸುವವರು ಅದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಓದುತ್ತಾರೆ. ಬೆಂಗಳೂರಿನವರಿಗೇ ಗೊತ್ತಿಲ್ಲ, ಅದು ಬೇರೆ ಮಾತು. ಅಲ್ಲಿ ಗ್ರಾಮರ್ ಪಾಠವೇ ಇರಲಿಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿ, ಇಲ್ಲವೇ ಒಂದು ನಕ್ಷೆ. ಯಾವ ರೈಲು ಹತ್ತಿದರೆ ಬೇಗ ತಲುಪಬಹುದು, ಇಲ್ಲಿಂದ ಅಲ್ಲಿಗೆ ಯಾವ ದಾರಿ ಹತ್ತಿರ, ಹೀಗೆ ಲೆಕ್ಕ ಹಾಕಿಸುವ ಕೆಲಸಗಳು. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಒಂದನ್ನು ಬಿಡಿಸುತ್ತಿದ್ದರು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳೇ ಮಾಡಬೇಕು. ಬೋರ್ಡಿನ ಮೇಲೆ ಮಾದರಿ ಲೆಕ್ಕ ಮಾಡಿ, ಕೆಳಗೆ ಅಭ್ಯಾಸದ ಲೆಕ್ಕ ಕೊಡುತ್ತಿದ್ದಿರಲ್ಲ, ಹಾಗೆ. ಮಗು ತಪ್ಪು ಇಂಗ್ಲಿಷ್ ಆಡಿದರೆ ಮೇಷ್ಟ್ರು ಸುಮ್ನೆ ಅದನ್ನೇ ಸರಿಯಾಗಿ ಹೇಳಿ ಮುಂದೆ ಹೋಗುತ್ತಿದ್ದರು.

ಫಲ ಏನಾಯಿತು? 1985ರಲ್ಲಿ ಬೆರೆಟಾ ಮತ್ತು ಡೇವಿಸ್ ಎಂಬ ಇಬ್ಬರು ಅದರ ಮೌಲ್ಯಮಾಪನ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೇ ರೀತಿ ಕಲಿತ ಮಕ್ಕಳೇ ಮುಂದೆ. ಇದನ್ನು ಮುಚ್ಚಿಡುವುದಿಲ್ಲ, ನಿಮ್ಮ ಪಕ್ಷಕ್ಕೆ ಒಂದು ಅಂಕ. ಆದರೆ ಕೇಳಿ ಅರ್ಥ ಮಾಡಿಕೊಳ್ಳುವುದು, ಉಕ್ತಲೇಖನ, ಸಂದರ್ಭದಲ್ಲಿ ಗ್ರಾಮರ್ ಬಳಸುವುದು, ಇವುಗಳಲ್ಲಿ ಒಟ್ಟಾರೆ ಪ್ರಭು ಅವರ ಮಕ್ಕಳ ಕೈ ಮೇಲಾಗಿತ್ತು. ನೋಡಿ, ನಿಮ್ಮ ಉಕ್ತಲೇಖನವೂ ನಮ್ಮ ಕಡೆ ಬಂತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫಿಜಿ ದ್ವೀಪದ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಇನ್ನೂ ಸರಳವಾದ ಕೆಲಸ ಮಾಡಿದರು. ನಾಲ್ಕು, ಐದನೇ ತರಗತಿಯ ಕೋಣೆಗಳಿಗೆ 250 ಇಂಗ್ಲಿಷ್ ಕಥೆ ಪುಸ್ತಕ ತಂದು ಹಾಕಿದರು. ಕೆಲವು ಕಡೆ ಮೇಷ್ಟ್ರು ಓದಿ ಹೇಳಿದರು, ಕೆಲವು ಕಡೆ ಮಕ್ಕಳೇ ಓದಿಕೊಂಡರು. ವರ್ಷದೊಳಗೆ ಆ ಮಕ್ಕಳ ಓದು ಉಳಿದವರಿಗಿಂತ ಮುಂದೆ ಹೋಯಿತು. ಮರುವರ್ಷ ಬರವಣಿಗೆಯೂ ಗ್ರಾಮರೂ ಸುಧಾರಿಸಿದ್ದವು.

ಹಾಗಂತ ಗ್ರಾಮರ್ ಬೇಡವೇ ಬೇಡ ಅನ್ನುವವನು ನಾನಲ್ಲ. ಹಂಪಿಯಲ್ಲಿ ಪೋಸ್ಟ್‌ಕಾರ್ಡ್ ಮಾರುವ ಹುಡುಗರು ಪ್ರವಾಸಿಗಳ ಹತ್ತಿರ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುವುದನ್ನು ನೀವೂ ನೋಡಿರುತ್ತೀರಿ. ಧೈರ್ಯಕ್ಕೆ ನೂರಕ್ಕೆ ನೂರು. ಆದರೆ ಆ ಇಂಗ್ಲಿಷ್ ಚೌಕಾಸಿಯ ಆಚೆ ಜಾಸ್ತಿ ದೂರ ಹೋಗುವುದಿಲ್ಲ. ಓದು, ಬರಹ, ಆಮೇಲೆ ಸ್ವಲ್ಪ ನಿಯಮ ಬೇಕೇ ಬೇಕು. ಏಳನೇ ತರಗತಿಯ ಹೊತ್ತಿಗೆ, ಮಗುವಿನ ತಲೆಯಲ್ಲಿ ನಾನೂರು ಐನೂರು ವಾಕ್ಯ ಕೂತ ಮೇಲೆ, 'ನೋಡು, ನೀನು ಆಗಲೇ ಆಡುತ್ತಿರುವ ಇದಕ್ಕೆ ವರ್ಬ್ ಅಂತಾರೆ' ಎಂದು ತೋರಿಸಿದರೆ ಆಯಿತು. ಒಂದು ಗಂಟೆಯ ಕೆಲಸ.

ಗ್ರಾಮರ್ ಪುಸ್ತಕ ಕೇಳಿದ್ದೀರಿ. ನಿಮ್ಮ ಮನಸ್ಸಿನಲ್ಲಿ ರೆನ್ ಅಂಡ್ ಮಾರ್ಟಿನ್ ಇದೆ ಅಂತ ನನ್ನ ಗುಮಾನಿ. ಒಳ್ಳೆಯ ಪುಸ್ತಕವೇ. ಆದರೆ ಅದು 1930ರ ದಶಕದ್ದು, ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಂದರೆ ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಮಕ್ಕಳಿಗೆ, ಅದೂ ಹೈಸ್ಕೂಲಿಗೆ. ನಿಮ್ಮ ಮೊಮ್ಮಗಳಿಗೆ ಈಗಲೇ ಬೇಡ. ಅದರ ಬದಲು ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನ ತೆಳ್ಳನೆಯ ಕಥೆ ಪುಸ್ತಕಗಳನ್ನು ಕೊಡಿಸಿ. ಪ್ರಥಮ್ ಅವರ ಜಾಲತಾಣ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತೆ. ರಾತ್ರಿ ಊಟವಾದ ಮೇಲೆ ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ. ಕಥೆಯ ನರಿ ಒಂದೇ ಇದ್ದರೆ ಎರಡು ಮಾಡಿ, ಆ ಪುಟವನ್ನು ಅವಳಿಂದಲೇ ತಿದ್ದಿಸಿ. 'ದಿ ಫಾಕ್ಸ್ ರನ್ಸ್' ಹೋಗಿ 'ದಿ ಫಾಕ್ಸಸ್ ರನ್' ಆಗುವಾಗ ಆ ಎಸ್‌ನ ಆಟ ಅವಳ ಕಣ್ಣಿಗೇ ಬೀಳುತ್ತೆ. ಮಧ್ಯೆ ಕನ್ನಡದಲ್ಲಿ ಮಾತಾಡಿದರೆ ಏನೂ ಕೆಡುವುದಿಲ್ಲ.

ಈ ಕೊನೆಯ ಮಾತಿಗೆ ನಮ್ಮಲ್ಲಿ ಬೆಲೆ ಇಲ್ಲ. ಇಂಗ್ಲಿಷ್ ಬೇಕಾದರೆ ಕನ್ನಡ ಬಿಡಬೇಕು ಎಂದು ಯಾರೋ ನಮ್ಮ ತಲೆಗೆ ತುಂಬಿಬಿಟ್ಟಿದ್ದಾರೆ. ಕನ್ನಡಕ್ಕೆ ಮೊದಲ ಸ್ಥಾನ ಎಂದು 1981ರಲ್ಲಿ ವರದಿ ಕೊಟ್ಟ ವಿ. ಕೃ. ಗೋಕಾಕರು ಅದಕ್ಕೂ ಮುಂಚೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರಿಗೆ ಇಲ್ಲದ ಜಗಳ ನಮಗೇಕೆ? 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ತಂದೆವು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಸಾವಿರ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟೆವು. ಮಾಧ್ಯಮದ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಬಡಿದಾಡಿದೆವು. ಕಲಿಸುವುದು ಹೇಗೆ ಎಂದು ಮಾತ್ರ ಯಾರೂ ಬೀದಿಗಿಳಿದು ಕೇಳಲಿಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ 2022ರ ವರದಿಯಲ್ಲಿ ಗ್ರಾಮೀಣ ಭಾರತದ ಎಂಟನೇ ತರಗತಿ ಮಕ್ಕಳ ಪೈಕಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಅರ್ಧಕ್ಕಿಂತ ಕಡಿಮೆ.

ಟೀಚರನ್ನು ಬೈಯುವುದು ಸುಲಭ. ಅವರು ಬೆಳಿಗ್ಗೆ ಹಾಲಿನ ಪುಡಿಯ ಲೆಕ್ಕ ಬರೆಯಬೇಕು, ಮಧ್ಯಾಹ್ನ ಮೊಟ್ಟೆಯ ಲೆಕ್ಕ, ಚುನಾವಣೆ ಬಂದರೆ ಮತದಾರರ ಪಟ್ಟಿ. ಶಾಲೆಗೆ ಬಂದ ಕಥೆ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ, ಯಾಕೆಂದರೆ ಒಂದು ಕಳೆದರೆ ಸಂಬಳದಲ್ಲಿ ಹಿಡಿದಾರು ಎಂಬ ಭಯ. ಹರಿದ ಪುಸ್ತಕಕ್ಕೆ ಹೆದರುವ ಶಾಲೆಯಲ್ಲಿ ಓದುವ ಮಕ್ಕಳು ಎಲ್ಲಿಂದ ಬರಬೇಕು?

ಇದಕ್ಕೆಲ್ಲ ಯಾರೂ ಒಬ್ಬರೇ ಉತ್ತರ ಕೊಡಲಾರರು, ಆದರೆ ಒಂದು ಕೆಲಸ ನಿಮ್ಮಿಂದ ಆಗುತ್ತೆ. ನಿಮ್ಮೂರಿನಲ್ಲಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆ ನಡೆಯುತ್ತೆ ಅಲ್ವಾ? ನಿವೃತ್ತ ಮೇಷ್ಟ್ರು ಎದ್ದು ನಿಂತರೆ ಯಾರೂ ಕೂತ್ಕೊಳ್ಳಿ ಅನ್ನುವುದಿಲ್ಲ. ಎರಡೇ ವಿಷಯ ಕೇಳಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ಆರನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಮಗು ಸ್ವಂತವಾಗಿ ಬರೆಯಬೇಕಾದದ್ದು ಎಷ್ಟು ಅಂಕಕ್ಕೆ ಇದೆ? ಬಿಟ್ಟ ಸ್ಥಳ ತುಂಬುವುದಕ್ಕೇ ಅಂಕ ಹೋದರೆ ಟೀಚರ್ ಬಿಟ್ಟ ಸ್ಥಳವನ್ನೇ ಕಲಿಸುತ್ತಾರೆ, ಅವರದೇನೂ ತಪ್ಪಿಲ್ಲ. ಸಭೆಯಲ್ಲಿ ಏನು ಉತ್ತರ ಬಂತು ಎಂದು ನನಗೆ ಬರೆಯಿರಿ. ಬೈದರೆ ಅದನ್ನೂ ಬರೆಯಿರಿ, ಅಚ್ಚು ಹಾಕುತ್ತೇನೆ.