ಗದ್ದಲವಿಲ್ಲದ ಹಾದಿಯೂ ಬೇಕು, ಪ್ರಮಾಣಪತ್ರವೂ ಬೇಕು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 62. ನಾನೂ ನನ್ನ ಹೆಂಡತಿಯೂ ಯುಗಾದಿಯ ಹೊತ್ತಿಗೆ ನಾಲ್ಕು ಸಲ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದ್ದೇವೆ. ಮಗಳು ಮ್ಯಾಡ್ರಿಡ್‌ನಲ್ಲಿದ್ದಾಳೆ, ಬರುವ ವರ್ಷ ಅಲ್ಲಿಗೆ ಹೋದಾಗ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳವಾದ ಸಾಂತಿಯಾಗೊ ದೆ ಕಂಪೊಸ್ತೆಲಾದ ಯಾತ್ರೆಯನ್ನೂ ನಡೆದೇ ಮುಗಿಸುವ ಆಸೆಯಿದೆ. ಎಲ್ಲರೂ ಹೊರಡುವ ಸಾರ್ರಿಯಾ ಊರಿನಿಂದ ಜಾತ್ರೆಯಷ್ಟು ಜನವಂತೆ. ನಮಗೆ ಶಾಂತವಾದ ಹಾದಿ ಬೇಕು, ಆದರೆ ಯಾತ್ರೆ ಪೂರೈಸಿದ ಪ್ರಮಾಣಪತ್ರ ತಪ್ಪಬಾರದು. ಲಿಂಗಾಯತರಾದ ನಮಗೆ ಅದನ್ನು ಕೊಡುತ್ತಾರೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೊನೆಯ ಸಂಶಯವನ್ನು ಮೊದಲು ಬಗೆಹರಿಸೋಣ. ಸಾಂತಿಯಾಗೊದ ಯಾತ್ರಿಕರ ಕಚೇರಿಯಲ್ಲಿ ನೀವು ಯಾವ ಮತದವರೆಂದಲ್ಲ, ಯಾವ ಉದ್ದೇಶದಿಂದ ನಡೆದಿರಿ ಎಂದು ಕೇಳುತ್ತಾರೆ. ಧಾರ್ಮಿಕ ಅಥವಾ ಆಧ್ಯಾತ್ಮಿಕ ಉದ್ದೇಶವೆಂದವರಿಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಕಂಪೊಸ್ತೆಲಾ’ ಎಂಬ ಪತ್ರ ಉಚಿತವಾಗಿ ಸಿಗುತ್ತದೆ. ಮಲ್ಲಯ್ಯನ ಬೆಟ್ಟಕ್ಕೆ ನಾಲ್ಕು ಸಲ ನಡೆದವರು ಈ ಪ್ರಶ್ನೆಗೆ ತಡವರಿಸಬೇಕಾಗಿಲ್ಲ. (ಶ್ರೀಶೈಲದಲ್ಲಿ ಯಾರೂ ಕಾಗದ ಕೇಳಿದ್ದನ್ನು ನಾನು ಕಂಡಿಲ್ಲ, ಆದರೂ ನಿಮ್ಮ ಆಸೆ ತಪ್ಪೆನ್ನಲಾರೆ.)

ನಿಯಮ ನೋಡುವುದು ಹಾದಿ ಎಷ್ಟು ಪ್ರಸಿದ್ಧ ಎಂಬುದನ್ನಲ್ಲ, ಎಷ್ಟು ದೂರ ಎಂಬುದನ್ನು. ಮಾನ್ಯತೆ ಪಡೆದ ಯಾವುದಾದರೂ ಯಾತ್ರಾಮಾರ್ಗದಲ್ಲಿ ಸಾಂತಿಯಾಗೊ ತಲುಪುವ ಕೊನೆಯ 100 ಕಿಲೋಮೀಟರನ್ನಾದರೂ ಕಾಲ್ನಡಿಗೆಯಲ್ಲಿ ಮುಗಿಸಿರಬೇಕು. ಸಾರ್ರಿಯಾ ಸುಮಾರು 115 ಕಿಲೋಮೀಟರ್ ದೂರದಲ್ಲಿದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುವುದರಿಂದಲೇ ಅಲ್ಲಿ ಅಷ್ಟು ಜನ ಸೇರುತ್ತಾರೆ. 2024ರಲ್ಲಿ ವಿತರಣೆಯಾದ ಪತ್ರಗಳು ಐದು ಲಕ್ಷದ ಸಮೀಪವಿದ್ದವು.

ಶಾಂತ ಹಾದಿಗಳೆಂದು ಸಾಮಾನ್ಯವಾಗಿ ಲುಗೊ ಮತ್ತು ಬಾಮೊಂದೆ ಊರುಗಳಿಂದ ಹೊರಡುವ ಮಾರ್ಗಗಳನ್ನು ಸೂಚಿಸುವುದುಂಟು. ಎರಡೂ ಸುಮಾರು 100 ಕಿಲೋಮೀಟರ್‌ನವೇ, ಎರಡೂ ಸುಂದರವಾದವೇ. ಆದರೆ ಮೊದಲನೆಯದು ಮೆಲಿದೆಯಲ್ಲಿ, ಎರಡನೆಯದು ಅರ್ಸುವಾದಲ್ಲಿ ಸಾರ್ರಿಯಾದ ಹಾದಿಗೇ ಬಂದು ಕೂಡುತ್ತದೆ. ಕೊನೆಯ ಎರಡು ಮೂರು ದಿನ ನೀವು ತಪ್ಪಿಸಿಕೊಂಡು ಬಂದ ಗದ್ದಲದಲ್ಲೇ ನಡೆಯಬೇಕಾಗುತ್ತದೆ. ಆದ್ದರಿಂದ ಔರೆನ್ಸೆ ಪಟ್ಟಣದಿಂದ ಹೊರಡಿ ಎಂಬುದು ನನ್ನ ಸಲಹೆ. ಅಲ್ಲಿಂದ ಸಾಂತಿಯಾಗೊಕ್ಕೆ 105ರಿಂದ 110 ಕಿಲೋಮೀಟರ್. ಈ ಹಾದಿ ಸಾರ್ರಿಯಾದ ಮೂಲಕ ಬರುವ ‘ಫ್ರೆಂಚ್ ಮಾರ್ಗ’ವನ್ನು ಎಲ್ಲಿಯೂ ಸೇರದೆ ನೇರವಾಗಿ ನಗರಕ್ಕೇ ಹೋಗಿ ಮುಟ್ಟುತ್ತದೆ. ಮ್ಯಾಡ್ರಿಡ್‌ನಿಂದ ಔರೆನ್ಸೆಗೆ ವೇಗದ ರೈಲೂ ಇದೆ. ಮೊದಲ ದಿನದ ನಡಿಗೆ ಮುಗಿಯುವ ಸೆಯಾ ಎಂಬ ಹಳ್ಳಿ ಸೌದೆ ಒಲೆಯಲ್ಲಿ ಬೇಯಿಸುವ ಬ್ರೆಡ್ಡಿಗೆ ಹೆಸರಾದದ್ದು. ಮರುದಿನ ತುಸು ಸುತ್ತು ಬಳಸಿದರೆ, ಕಣಿವೆಯಲ್ಲಿ ಒಂಟಿಯಾಗಿ ನಿಂತ ಓಸೆಯ್ರಾದ ಕಲ್ಲಿನ ಮಠವನ್ನು ನೋಡಬಹುದು.

ಆ ಬ್ರೆಡ್ಡನ್ನು ಸ್ವಲ್ಪ ಹೆಚ್ಚಾಗಿಯೇ ಕಟ್ಟಿಕೊಂಡು ಹೊರಡಿ. ಶ್ರೀಶೈಲದ ದಾರಿಯಂತೆ ಇಲ್ಲಿ ಹೆಜ್ಜೆಹೆಜ್ಜೆಗೂ ದಾಸೋಹವಿಲ್ಲ, ಅಂಗಡಿಗಳೂ ವಿರಳ. ಸಸ್ಯಾಹಾರಿಗಳಾದರೆ ಊರಿನಿಂದಲೇ ಶೇಂಗಾ ಚಟ್ನಿಪುಡಿ ಒಯ್ಯುವುದು ಜಾಣತನ.

ಈ ವಿರಳತೆಯೇ ಪ್ರಮಾಣಪತ್ರಕ್ಕೂ ತೊಡಕಾಗಬಹುದು. ಯಾತ್ರೆ ಶುರುಮಾಡುವ ಮೊದಲೇ ನಿಮ್ಮಿಬ್ಬರಿಗೂ ಒಂದೊಂದು ಯಾತ್ರಿಕರ ಪುಸ್ತಿಕೆ ಬೇಕು. ಅದರಲ್ಲಿ ಚೌಕಚೌಕವಾಗಿ ಖಾಲಿ ಮನೆಗಳಿರುತ್ತವೆ; ದಿನಕ್ಕೆ ಕನಿಷ್ಠ ಎರಡು ಮೊಹರು ಹಾಕಿಸಿ, ಪ್ರತಿಯೊಂದರ ಕೆಳಗೂ ತಾರೀಖು ಬರೆಸಬೇಕು. ಚರ್ಚು, ವಸತಿಗೃಹ, ಚಹಾ ಕುಡಿಯಲು ಕೂತ ಸಣ್ಣ ಹೋಟೆಲು, ಎಲ್ಲಿಯ ಮೊಹರಾದರೂ ನಡೆಯುತ್ತದೆ. ಸಾರ್ರಿಯಾ ಹಾದಿಯಲ್ಲಿ ಗಳಿಗೆಗೊಂದು ಮೊಹರು ಸಿಗುವುದರಿಂದ ಇದೊಂದು ಚಿಂತೆಯೇ ಅಲ್ಲ. ಔರೆನ್ಸೆ ಹಾದಿಯಲ್ಲಾದರೋ ‘ಮುಂದಿನ ಊರಲ್ಲಿ ಹಾಕಿಸಿದರಾಯಿತು’ ಎಂದು ಬಿಟ್ಟರೆ, ಆ ಊರಿನ ಚರ್ಚಿಗೂ ಹೋಟೆಲಿಗೂ ಬೀಗ ಬಿದ್ದಿರಬಹುದು. ಬೆಳಿಗ್ಗೆ ತೆರೆದ ಮೊದಲ ಬಾಗಿಲಲ್ಲೇ ಒಂದು, ರಾತ್ರಿ ತಂಗುವಲ್ಲಿ ಇನ್ನೊಂದು ಎಂದು ರೂಢಿ ಮಾಡಿಕೊಳ್ಳಿ.

ಚೀಲವನ್ನು ಮುಂದಿನ ಊರಿಗೆ ವಾಹನದಲ್ಲಿ ಕಳಿಸಿದರೆ ಅಡ್ಡಿಯಿಲ್ಲ, ನೀವು ಮಾತ್ರ ಬಸ್ಸು ಹತ್ತಬಾರದು. ಇನ್ನೊಂದು ಮಾತು: ಸಮುದ್ರದ ಕಡೆಯ ‘ಇಂಗ್ಲಿಷ್ ಮಾರ್ಗ’ವನ್ನು ಯಾರಾದರೂ ಸೂಚಿಸಿದರೆ ಹೊರಡುವ ಊರು ಯಾವುದೆಂದು ಕೇಳಿ. ಫೆರ್ರೋಲ್‌ನಿಂದ ಸುಮಾರು 120 ಕಿಲೋಮೀಟರ್ ಆಗುತ್ತದೆ. ಅ ಕೊರುನ್ಯಾದಿಂದ 75ರಷ್ಟೇ ಆಗುವುದರಿಂದ ಅಷ್ಟನ್ನೇ ನಡೆದರೆ ಪತ್ರ ಸಿಗದು.

ವರ್ಷದ ವಿಷಯದಲ್ಲಿಯೂ ಎಚ್ಚರವಿರಲಿ. ಈ ಯಾತ್ರಾಸ್ಥಳದ ಸಂತನಾದ ಯಾಕೋಬನ ಹಬ್ಬ, ಜುಲೈ 25, ಭಾನುವಾರ ಬಿದ್ದ ವರ್ಷವನ್ನು ಪವಿತ್ರ ವರ್ಷವೆಂದು ಆಚರಿಸುತ್ತಾರೆ. ಆಗ ಯಾತ್ರಿಕರ ದಟ್ಟಣೆ ಇನ್ನೂ ಹೆಚ್ಚು. 2027 ಅಂಥ ವರ್ಷ. ಯಾವ ವರ್ಷ ಹೋದರೂ ಜುಲೈ, ಆಗಸ್ಟ್ ಬಿಟ್ಟು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಮಳೆಯಂಗಿ ಎರಡೂ ಕಾಲಕ್ಕೆ ಬೇಕು.

ಔರೆನ್ಸೆ ಬಿಟ್ಟೊಡನೆ ಕಡಿದಾದ ಏರು ಇದೆ, ಮೊದಲ ದಿನದ ನಡಿಗೆ 20 ಕಿಲೋಮೀಟರ್ ದಾಟುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಹಾಕಿಕೊಳ್ಳುವ ಬೂಟುಗಳಲ್ಲೇ ಒಂದು ದಿನ ಸಿದ್ಧಾರೂಢ ಮಠದವರೆಗೆ ನಡೆದು, ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ, ಮರುದಿನ ನಡೆದೇ ಹಿಂದಿರುಗಿ. ಎರಡನೆಯ ದಿನ ಉಣಕಲ್ ಕೆರೆ ದಾಟುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದರೆ, ಟಿಕೆಟ್ ತೆಗೆಸುವ ಮೊದಲೇ ಬೂಟು ಬದಲಿಸಲು ಸಮಯವಿರುತ್ತದೆ.